ಬಿರುಬಿಸಿಲಿನಲ್ಲಿ ಹನ್ನೆರಡು ಕೌದಿ

ಬೇಸಿಗೆ ಬಂತೆಂದರೆ ನನಗೂ ನನ್ನ ಕೌದಿಗಳಿಗೂ ಏನಾದರೊಂದು ಆಗದೆ ಬಿಡುವುದಿಲ್ಲ. ಮೊದಲ ವರ್ಷವಂತೂ ಒಂದರ ಬೆನ್ನಿಗೊಂದು ಆದವು. ನಾನು ಹಿಂದೆಂದೂ ಏನನ್ನೂ ಬರೆದವಳಲ್ಲ. ಹೀಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದವರು ಬೇಸರಿಸಬಾರದು.

ಕೌದಿ ಎಂದರೆ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿಯುವ ಹೊದಿಕೆ. ಹಾಸಿಕೊಳ್ಳಲೂ ಬರುತ್ತದೆ, ಅಂದರೆ ಹಾಸಿಗೆಯೂ ಹೌದು. ನಮ್ಮದು ಬನಹಟ್ಟಿಯ ನೇಕಾರರ ಮನೆ, ಸೀರೆಯ ತುಂಡುಗಳಿಗೆ ಬರವಿಲ್ಲ. ನಮ್ಮ ಓಣಿಯಲ್ಲಿ ರನ್ನ ಬೆಳಗಲಿಯಿಂದ ಬಂದು ನೆಲೆಸಿದ ಒಬ್ಬ ಅಕ್ಕ ಇದ್ದಳು. ಕುರಿ ಕಾಯುವ ಮನೆತನದವಳು. ಹೊಲಿಗೆ ಹಾಕಿದಳೆಂದರೆ ಇರುವೆ ಸಾಲು ಹೊರಟ ಹಾಗೆ. ಅವಳೂ ನಾನೂ ಸೇರಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಹನ್ನೆರಡು ಕೌದಿ ಹೊಲಿದೆವು.

ಕೋಣೆ ನನ್ನ ಅತ್ತೆಯದು. ಹನ್ನೆರಡನೆಯದು ಮುಗಿದ ದಿನ ಅತ್ತೆ ಬಾಗಿಲಲ್ಲಿ ನಿಂತು, "ಮಿರಗ ಕೂಡೂದರಾಗ ಹನ್ನೆರಡೂ ಹೋಗಬೇಕ ನೋಡಬೇ. ಒಂದ ಉಳೀತಂದ್ರೂ ಕೋಣಿ ನೂಲಿನ ಗಂಟಿಗೆ, ನೀ ಮತ್ತ ಕಂಡಕಿ ಸುತ್ತಾಕ" ಎಂದರು. ಮಿರಗ ಎಂದರೆ ಮೃಗಶಿರ ಮಳೆ, ಜೂನ್ ತಿಂಗಳದ್ದು. ಕಂಡಕಿ ಸುತ್ತುವುದೆಂದರೆ ಮಗ್ಗದ ಲಾಳಿಗೆ ಹಾಕುವ ಪುಟ್ಟ ಕೊಳವೆಗೆ ನೂಲು ಸುತ್ತುವುದು. ಎಂಟು ವರ್ಷ ಅದನ್ನೇ ಸುತ್ತಿದ್ದೆ. ಇನ್ನು ಸುತ್ತಲಾರೆ ಎಂದು ನನಗೆ ಗೊತ್ತಿತ್ತು.

ಅತ್ತೆಗೆ ಕೌದಿ ಕಂಡರೇ ಆಗದು. ಅವರು ಹೊಸದಾಗಿ ಮದುವೆಯಾಗಿ ಬಂದಾಗ ಅವರ ಅತ್ತೆ ಒಂದು ಹೊಲಿದು ಕೊಟ್ಟಿದ್ದರಂತೆ. "ಅದನ್ನ ಹೊತಗೊಂಡ ಒಂದ ದಿನಾನೂ ನಿದ್ದಿ ಹತ್ತಲಿಲ್ಲ, ಮೈಯೆಲ್ಲಾ ಉರೀತಿತ್ತು" ಎಂದು ಅದನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದರು. ಈ ಟ್ರಂಕು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಕೊಡ ಹೊತ್ತ ಗಿರಾಕಿಗಳು

ಮೊದಲು ಪ್ರಚಾರ ಆಗಬೇಕು ಎಂದು ನಮ್ಮ ಮನೆಯವರು ಮೈಕಿನ ಆಟೋ ಗೊತ್ತುಮಾಡಿದರು. ಮನೆಯವರು ಎಂದರೆ ನನ್ನ ಗಂಡ. ಆಟೋ ಓಣಿಗೆ ತಿರುಗಿ "ತಾಯಂದಿರೇ, ಅಕ್ಕತಂಗಿಯರೇ" ಅಂದಿತು, ಅಷ್ಟೇ. ಮನೆಮನೆಯಿಂದ ಹೆಂಗಸರು ದಡದಡ ಓಡಿಬಂದರು! ನಾನು ಕುಣಿಯುವುದೊಂದು ಬಾಕಿ. ಆಮೇಲೆ ನೋಡುತ್ತೇನೆ, ಎಲ್ಲರ ಸೊಂಟದಲ್ಲೂ ಒಂದೊಂದು ಕೊಡ.

ಆ ಬೇಸಿಗೆಯಲ್ಲಿ ನಳಕ್ಕೆ ನೀರು ಬಿಡುವ ಸುದ್ದಿಯನ್ನು ಸಾರುತ್ತಿದ್ದದ್ದೂ ಅದೇ ಆಟೋ, ಅದೇ ದನಿ. ಮುಂದಿನ ಮಾತನ್ನು ಯಾರೂ ಕೇಳಲೇ ಇಲ್ಲ. ನಳದ ಮುಂದೆ ಅರ್ಧ ತಾಸು ಪಾಳಿ ನಿಂತರು, ಪಾಳಿಗಾಗಿ ಜಗಳವನ್ನೂ ಆಡಿದರು. ಆಮೇಲೆ ಎಲ್ಲರೂ ನಮ್ಮ ಮನೆಗೆ ಬಂದರು.

"ನೀರ ಎಲ್ಲೈತಿ ಬೇ?"

"ನೀರಲ್ಲರಿ, ಕೌದಿ."

"ಈ ಉರಿಯಾಗ ಕೌದಿ? ತಲಿ ನೆಟ್ಟಗೈತಿಲ್ಲೊ?"

ಒಬ್ಬ ಮುದುಕಿ ಮಾತ್ರ ಸಿಟ್ಟಾಗಲಿಲ್ಲ. "ಇರಲಿ ಬಿಡವಾ. ಆದರ ಕರದ ಮ್ಯಾಲ ಬರಿ ಕೊಡ ಹೊತಗೊಂಡ ಮನಿಗಿ ಹೋಗಬಾರದು" ಎಂದು ನಮ್ಮ ನೀರಿನ ಡ್ರಮ್ಮಿನಲ್ಲಿ ಕೊಡ ಅದ್ದಿದಳು. ಖಾಲಿ ಕೊಡ ಅಪಶಕುನ ಎಂಬುದು ಉಳಿದವರಿಗೂ ಆಗಲೇ ನೆನಪಾಯಿತು.

ಎಲ್ಲರೂ ಹೋದ ಮೇಲೆ ಅತ್ತೆ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. "ಪ್ರಚಾರ ಛಲೋ ಆತು. ಕೌದಿ ಹನ್ನೆರಡೂ ಅದಾವು. ಡ್ರಮ್ಮಿನ ನೀರ ಹೋತು."

ಲೋಕಾಪುರದ ಹಗ್ಗ

ಊರಿನವರಿಗೆ ಬೇಡವಾದರೆ ಹೊರಗಿನವರಿಗೆ ತೋರಿಸೋಣ ಎಂದು ಲೋಕಾಪುರಕ್ಕೆ ಹೋದೆವು. ಮುಧೋಳ ಕಡೆಯ ದಾರಿಗಳೆಲ್ಲ ಕೂಡುವ ಊರು, ಜನ ಬಹಳ. ರಸ್ತೆಯ ಬದಿಗೆ ಎರಡು ಬೇವಿನ ಮರಗಳಿಗೆ ಹಗ್ಗ ಕಟ್ಟಿ ಹನ್ನೆರಡನ್ನೂ ಸಾಲಾಗಿ ತೂಗುಹಾಕಿದೆವು. ಕೆಂಪು, ಹಸಿರು, ಹಳದಿ, ನೋಡಲು ಎರಡು ಕಣ್ಣು ಸಾಲದು. "ಬೋರ್ಡ ಬ್ಯಾಡೇನ ತಂಗಿ?" ಎಂದು ಅಕ್ಕ ಕೇಳಿದಳು. "ಕೌದಿನ ಬೋರ್ಡ ಅಕ್ಕಾ" ಎಂದೆ. ಎಂಥ ಮಾತು ಆಡಿದೆ ಎಂದು ನನಗೇ ಹೆಮ್ಮೆ ಆಯಿತು.

ನಮ್ಮ ಸೀಮೆಯಲ್ಲಿ ಬೇಸಿಗೆ ಬಂದರೆ ಎಲ್ಲರೂ ಮನೆಯ ಕೌದಿಗಳನ್ನು ಹೊಳೆಗೋ ಕಾಲುವೆಗೋ ಒಯ್ದು ಒಗೆದು ಒಣಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನಿಂದ ಒಬ್ಬ ದಪ್ಪನೆಯ ಹೆಂಗಸು ಇಳಿದು, ದೊಡ್ಡದೊಂದು ಗಂಟನ್ನು ದೊಪ್ಪೆಂದು ನನ್ನ ಮುಂದೆ ಹಾಕಿದಳು.

"ಐದ ಅದಾವ ತಂಗಿ. ಒಂದಕ್ಕ ಏನ ತಗೋತಿ ಒಗ್ಯಾಕ?"

ನಾನು ಮೊದಲಿನಿಂದ ಹೇಳಿದೆ: ಇವು ಒಗೆದವಲ್ಲ, ಮಾರುವವು, ಮಗ್ಗದ ತುಂಡುಗಳಿಂದ ಹೊಸದಾಗಿ ಹೊಲಿದವು, ಒಂದಕ್ಕೆ ಇಷ್ಟು ದಿನ ಹಿಡಿಯುತ್ತದೆ. ಅವಳು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಹಗ್ಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹೊಸಾವ ಇದ್ರ ಯಾಕ ಒಗದೀರಿ?"

ಸಂಜೆಯೊಳಗೆ ಇನ್ನೂ ಮೂರು ಗಂಟುಗಳನ್ನು ಹಿಂದೆ ಕಳಿಸಿದೆವು. ಬಸ್ಸಿನಲ್ಲಿ ಅಕ್ಕ ಬಂದ ಗಂಟುಗಳನ್ನು ಬೆರಳು ಮಡಿಚಿ ಎಣಿಸಿ ಅಂದಳು: "ತಂಗಿ, ನಾವು ತಪ್ಪ ಧಂದೆ ಹಿಡದೇವಿ."

ಬೀಳಗಿಯಲ್ಲಿ ಮಲಗಿದ ಮಾವ

ಬೀಳಗಿಯ ಬಸ್ ನಿಲ್ದಾಣದ ಹತ್ತಿರ ಮರದ ನೆರಳಲ್ಲಿ ಒಂದು ಕೌದಿಯನ್ನು ನೆಲಕ್ಕೆ ಹಾಸಿದೆವು, ಜನ ಮುಟ್ಟಿ ನೋಡಲಿ ಎಂದು. ತಲೆಗೆ ಪಟಕ ಸುತ್ತಿದ ಹಿರಿಯರೊಬ್ಬರು ಬಂದರು. ಬಾಗಲಕೋಟೆ ಬಸ್ಸಿಗೆ ಕಾಯುತ್ತಿದ್ದರು. ಗುರುತಿಲ್ಲದ ಹಿರಿಯರನ್ನೂ ನಮ್ಮ ಕಡೆ ಮಾವ ಎಂದೇ ಕರೆಯುವುದು.

"ಮೆತ್ತಗೈತೇನಬೇ?"

"ಮಕ್ಕೊಂಡ ನೋಡ್ರಿ ಮಾವಾರ."

ಮಲಗಿದರು. ಗೊರಕೆಯೂ ಬಂತು. ಬಸ್ಸೂ ಬಂತು, ಹೋಯಿತು. ಎಬ್ಬಿಸಲು ಕೈ ಚಾಚಿದೆ, ಅಕ್ಕ ತಡೆದಳು. ಸುತ್ತ ಜನ ಸೇರತೊಡಗಿದ್ದರು! "ಏನ ನಿದ್ದಿ ಹಚ್ಚ್ಯಾನಪಾ!" "ಕೌದಿ ಛಲೋ ಇದ್ದಂಗೈತಿ." ಅಕ್ಕ ಸೆರಗಿನಿಂದ ಅವರಿಗೆ ಗಾಳಿ ಹಾಕುತ್ತ ನಿಂತಳು, ನೊಣ ಕೂತು ಎಚ್ಚರವಾದರೆ ಎಲ್ಲ ಕೆಡುತ್ತದಲ್ಲ. ಎರಡನೆಯ ಬಸ್ಸು, ಮೂರನೆಯ ಬಸ್ಸು. ನಾಲ್ಕನೆಯದರ ಹಾರ್ನಿಗೆ ಮಾವ ಎದ್ದು ಕುಳಿತರು. ಜನರೆಲ್ಲ ಅವರ ಬಾಯನ್ನೇ ನೋಡುತ್ತಿದ್ದಾರೆ. ನಾನು, "ತಗೋತೀರೇನ್ರಿ ಮಾವಾರ?" ಎಂದೆ.

ಮಾವ ಪಟಕ ಕೊಡವಿದರು. "ಏ, ಒಲ್ಲೆವಾ. ಹೊಸಾ ಹಾಸಿಗ್ಯಾಗ ನನಗ ನಿದ್ದಿನ ಹತ್ತೂದಿಲ್ಲ."

ಹೊಟ್ಟೆ ತುಂಬಿದ ಕೌದಿ

ಮಿರಗಕ್ಕೆ ನಾಲ್ಕು ದಿನ ಉಳಿದಿತ್ತು. ಅತ್ತೆ ಆಗಲೇ ಕೋಣೆಯನ್ನು ಹೆಜ್ಜೆಯಿಂದ ಅಳೆಯುತ್ತಿದ್ದರು. ಜಮಖಂಡಿಯಲ್ಲಿ ಹೆಂಗಸರು ತಯಾರಿಸಿದ ವಸ್ತುಗಳ ಪ್ರದರ್ಶನ ಎಂದು ತಿಳಿದು ಹನ್ನೆರಡನ್ನೂ ಹೊತ್ತು ಓಡಿದೆವು. ಇದು ಕೊನೆಯ ಆಟ.

ನಮ್ಮ ಪಕ್ಕದಲ್ಲೇ ಕರದಂಟಿನ ಅಂಗಡಿ. ಮೊದಲ ಗಿರಾಕಿ ಕನ್ನಡಕದ ಶಾಲೆಯ ಅಕ್ಕೋರು, ಅಂದರೆ ಶಿಕ್ಷಕಿ. ಒಂದು ಕೌದಿ ಮನಸ್ಸಿಗೆ ಬಂತು, ಚೀಲಕ್ಕೆ ಕೈ ಹಾಕಿಯೂ ಆಯಿತು. ಅಷ್ಟರಲ್ಲಿ, "ಇದೇನ್ರಿ?" ಎಂದರು.

ಕರದಂಟಿನ ಅಂಗಡಿಯಿಂದ ಇರುವೆಗಳ ಸಾಲೊಂದು ಹೊರಟಿತ್ತು. ಕರದಂಟನ್ನೇ ಬಿಟ್ಟು ನೇರ ಬಂದು ನಮ್ಮ ಕೌದಿಯ ಮೂಲೆಯೊಳಗೆ ಹೋಗುತ್ತಿತ್ತು.

ನಾನು ನಾಚಿ ಆ ಮೂಲೆಗೆ ಸೆರಗು ಮುಚ್ಚಿದೆ. ಅಕ್ಕ ಮಾತ್ರ ನಾಚಲಿಲ್ಲ. "ಬೆಲ್ಲ ಐತ್ರಿ" ಎಂದಳು.

ಹಿರಿಯರ ಪದ್ಧತಿಯೊಂದಿದೆ. ಕೌದಿಯ ಕೊನೆಯ ಮೂಲೆಯನ್ನು ಹೊಲಿಯುವ ಮುಂಚೆ ಅದರ ಹೊಟ್ಟೆ ತುಂಬಿಸುತ್ತಾರೆ. ಅಂದರೆ ಒಂದು ಹಿಡಿ ಜೋಳವನ್ನೋ ರೊಟ್ಟಿಯ ಚೂರನ್ನೋ ಒಳಗಿಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರಿಗೆ ಹಸಿವು ತಪ್ಪುವುದಿಲ್ಲವಂತೆ. ಜೋಳ ಇಟ್ಟಿರಬಹುದು ಎಂದುಕೊಂಡಿದ್ದೆ. ಅಕ್ಕ ನನಗೆ ಹೇಳದೆ ಹನ್ನೆರಡಕ್ಕೂ ಬೆಲ್ಲದ ಹೆಂಟೆ ಇಟ್ಟಿದ್ದಳು.

"ಬ್ಯಾರೆಯವರ ಮನಿಗಿ ಹೊಂಟಾವ್ರಿ ಅಕ್ಕೋರ. ಮಗಳನ್ನ ಗಂಡನ ಮನಿಗಿ ಕಳಸೂವಾಗ ಬಾಯಿ ಸಿಹಿ ಮಾಡಿ ಕಳಸೂದಿಲ್ಲೇನ?"

ಅಕ್ಕೋರು ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಬೆಲ್ಲ ತಗೀರಿ. ಇದರ ಹೊಟ್ಟಿ ನಾನ ತುಂಬತೇನಿ" ಎಂದರು. ನಾನು ಮೂಲೆ ಬಿಚ್ಚಿದೆ, ಇರುವೆ ಕೊಡವಿದೆ, ಅವರು ಎಲ್ಲಿಂದಲೋ ಒಂದು ಹಿಡಿ ಜೋಳ ತಂದು ತಮ್ಮ ಕೈಯಾರೆ ತುಂಬಿದರು. ಅಕ್ಕ ಅವರೆದುರೇ ಹೊಲಿದಳು. ಇದನ್ನು ನೋಡಲು ಜನ ಸೇರಿತು ನೋಡಿ! "ನಮ್ಮದಕ್ಕ ನಾನೂ ತುಂಬತೇನ್ರಿ!" "ಮೊಮ್ಮಗಗ ಒಯ್ಯಾಕತ್ತೇನಿ, ಪೇಡೆ ಇಡಬಹುದೇನ್ರಿ?" ಇಡಬಾರದು ಎಂದು ಇರುವೆಗಳ ಕಥೆಯನ್ನು ಪೂರ್ತಿ ಹೇಳಿದೆ. ಹೊತ್ತು ಇಳಿಯುವುದರೊಳಗೆ ಹನ್ನೆರಡೂ ಊಟ ಮಾಡಿ ಹೊರಟುಹೋದವು.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲಿದ್ದರು. ಬರಿಗೈ ನೋಡಿದರು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಟ್ರಂಕು ತೆರೆದು, ತಳದಲ್ಲಿದ್ದ ಆ ಹಳೆಯ ಕೌದಿಯನ್ನು ತಂದು ನನ್ನ ಮುಂದೆ ಹಾಕಿದರು.

"ನಲವತ್ತ ವರ್ಷ ಆತು. ನಮ್ಮತ್ತಿ ಇದರ ಹೊಟ್ಯಾಗ ಏನ ತುಂಬ್ಯಾಳ, ಬಿಚ್ಚ."

ಬಿಚ್ಚಿದೆ. ಜೋಳವಿಲ್ಲ, ರೊಟ್ಟಿ ಇಲ್ಲ. ಕೈಗೆ ಬಂದದ್ದು ಐದು ಒಣಮೆಣಸಿನಕಾಯಿಯ ತೊಟ್ಟು, ಅವುಗಳದೇ ಬೀಜ.

ಹಿರಿಯರ ಮಾನ ಉಳಿಯಲಿ ಎಂದು ನಾನೇ, "ದೃಷ್ಟಿ ತಾಗಬಾರದಂತ ಇಟ್ಟಿರಬೇಕರಿ ಅತ್ತಿ" ಎಂದು ವಿವರಿಸಿದೆ.

"ನಿನಗ ಆಕಿ ಗೊತ್ತಿಲ್ಲ" ಎಂದರು ಅತ್ತೆ. ಆಮೇಲೆ ನಗು ತಡೆಯಲಾರದೆ ಕಟ್ಟೆ ಹಿಡಿದುಕೊಂಡರು. ಅತ್ತೆ ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನಗುತ್ತಲೇ ಸೊಂಟದಿಂದ ಕೋಣೆಯ ಕೀಲಿಕೈ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು.

"ಕೋಣಿ ನಿಂದ. ಆದರ ಮೊದಲ ನನಗೊಂದ ಕೌದಿ ಹೊಲಿಬೇ. ಹೊಟ್ಟಿ ತುಂಬೂವಾಗ ಮಾತ್ರ ನಾ ಎದುರಿಗೇ ಕುಂದ್ರತೇನಿ. ಎಷ್ಟಂದ್ರೂ ನೀನೂ ಸೊಸಿ."