ಹಿಂದಕ್ಕೆ ಹರಿದ ಗಟಾರ

ಕೆಲವು ಸತ್ಯಗಳನ್ನು ಮನುಷ್ಯ ಸಣ್ಣವನಿದ್ದಾಗಲೇ ಕಲಿತುಬಿಡಬೇಕು. ನೀರು ಕೆಳಕ್ಕೆ ಹರಿಯುತ್ತದೆ ಎಂಬ ಸತ್ಯ ನನಗೆ ಪೂರ್ತಿಯಾಗಿ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಹತ್ತು ಜನರ ಎದುರಿಗೆ.

ಶಹಾಬಾದಿನ ಹೊರಗಿರುವ ನಮ್ಮ ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನುಗಳನ್ನು ಆ್ಯಸಿಡ್‌ನಲ್ಲಿ ತೊಳೆಯುತ್ತಾರೆ. ಯಂತ್ರ, ಕಟ್ಟಡ, ಗಟಾರಗಳ ರಿಪೇರಿಯ ಉಸ್ತುವಾರಿ ನನ್ನದು. ಮೊದಲು ಗಟಾರಕ್ಕೆ ಊರ ಅಭಿಮಾನದಿಂದ ಶಹಾಬಾದ್ ಕಲ್ಲನ್ನೇ ಹಾಸಿದ್ದರು. ಆ್ಯಸಿಡ್ ಬಿದ್ದ ಕೂಡಲೇ ಅದು ಸೋಡಾದಂತೆ ಬುಸುಗುಟ್ಟುತ್ತಿತ್ತು. ಮೇಲೆ ಮುಚ್ಚಿದ ಕಬ್ಬಿಣದ ಜಾಲರಿಯಂತೂ ಆ್ಯಸಿಡ್ ತಿಂದು ಹಪ್ಪಳವಾಗಿತ್ತು. ಒಂದು ದಿನ ತೊಳೆಯುವ ಕೆಲಸದ ಶಾಂತಾಬಾಯಿಯ ಕಾಲು ಆ ಜಾಲರಿ ಮುರಿದು ಒಳಗೆ ಹೋಯಿತು. ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಆಕೆ ಒಂದು ತಿಂಗಳು ಮನೆಯಲ್ಲಿ ಕೂತಳು. ಅದನ್ನು ನೋಡಿ ನಾನೇ ಹಟ ಹಿಡಿದು ಫೈಬರ್‌ಗ್ಲಾಸ್ ಗಟಾರ ತರಿಸಿದೆ. ತುಕ್ಕಿಲ್ಲ, ಸವೆತವಿಲ್ಲ, ಆ್ಯಸಿಡ್‌ಗೆ ಜಗ್ಗುವುದಿಲ್ಲ. ನನ್ನ ಜೀವನದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸವೆಂದು ಎದೆಯುಬ್ಬಿಸಿಕೊಂಡು ತಿರುಗಿದೆ.

ಹನ್ನೆರಡು ತುಂಡುಗಳು ಬಂದವು. ಪ್ರತಿಯೊಂದರ ಮೇಲೂ ನಂಬರು, ಒಂದು ಬಾಣ. ಒಂದಕ್ಕಿಂತ ಎರಡು ತುಸು ಆಳ, ಎರಡಕ್ಕಿಂತ ಮೂರು ಇನ್ನೂ ಆಳ. ಇಳಿಜಾರು ಅದರೊಳಗೇ ಇತ್ತು. ನಮ್ಮ ಕೆಲಸ ಶುರುವಾದದ್ದು ನೀರು ಹೋಗಿ ಬೀಳುವ ಗುಂಡಿಯ ಕಡೆಯಿಂದ. ಹಾಗಾಗಿ ಒಂದನೇ ನಂಬರನ್ನು ಅಲ್ಲೇ ಇಡಿಸಿದೆ.

ಗಾರೆ ಕೆಲಸಕ್ಕೆ ಬಂದಿದ್ದ ವಾಡಿ ಊರಿನ ಗೌಂಡಿ ಬಾಬುಮಿಯಾ ತಲೆ ಕೆರೆದುಕೊಂಡ. "ಸಾಹೇಬ್ರ, ಬಾಣ ಗುಂಡಿ ಕಡಿಗಿ ಇರಬೇಕಲ್ಲರಿ? ಇದು ತೊಳಿಯೋ ಕಡಿಗಿ ನೋಡಾಕತ್ತದ."

"ಬಾಬುಮಿಯಾ, ಇದು ಕಲ್ಲಲ್ಲ, ಫೈಬರ್. ಇದರ ಲೆಕ್ಕಾನೇ ಬ್ಯಾರೆ" ಎಂದೆ.

"ನೀವು ಓದಿದವ್ರು" ಎಂದು ಅವನು ಕಾಂಕ್ರೀಟ್ ಸುರಿದ.

ಹೊಸ ಗಟಾರಕ್ಕೆ ನೀರು ಬಿಡುವ ಮೊದಲ ದಿನ ಮ್ಯಾನೇಜರ್ ಬಂದರು. ಗೌರವಕ್ಕೆಂದು ಶಾಂತಾಬಾಯಿಯಿಂದಲೇ ಮೊದಲ ನೀರು ಬಿಡಿಸಿದೆವು. ಪುಣ್ಯಕ್ಕೆ ಬರೀ ನೀರು. ಅದು ನಾಲ್ಕು ಮಾರು ಹೋಯಿತು, ನಿಂತಿತು, ಏನೋ ಮರೆತವರಂತೆ ತಿರುಗಿ ಬಂದು ಆಕೆಯ ಪಾದದ ಮೇಲೇ ಉಕ್ಕಿತು. ಆಕೆ ಚೀರಿ ಹಿಂದಕ್ಕೆ ಹಾರಿದಳು.

"ಯಾರು ಕುಂದ್ರಸ್ಯಾರಿದನ್ನ?" ಮ್ಯಾನೇಜರ್ ಕೇಳಿದರು.

ನನಗಿಂತ ಮೊದಲು ನನ್ನ ಬಾಯಿ ಉತ್ತರ ಕೊಟ್ಟಿತು: "ಗೌಂಡಿ ಉಲ್ಟಾ ಇಟ್ಟಾನ್ರಿ."

ಬಾಬುಮಿಯಾ ಅಲ್ಲೇ ಇದ್ದ. ಗಾರೆ ಮೆತ್ತಿದ ಕರಣಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮತ್ತ ನಿಮಗ ಊಟ ಹ್ಯಾಂಗ ಇಳೀತದರಿ?" ಎಂದಳು. ಇಳಿಯಲಿಲ್ಲ. ಎರಡು ದಿನ ಕ್ಯಾಟಲಾಗ್ ಓದಿದೆ: ಕೊಳೆಯುವುದಿಲ್ಲ, ಕರಗುವುದಿಲ್ಲ, ದಶಕಗಳ ಬಾಳಿಕೆ. ಅಂದರೆ ನನ್ನ ತಪ್ಪು ನಾನು ಸತ್ತ ಮೇಲೂ ಹೊಸದರಂತೆ ಹೊಳೆಯುತ್ತಿರುತ್ತದೆ.

ಮೂರನೆಯ ದಿನ ಮ್ಯಾನೇಜರ್ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ತಲೆ ಎತ್ತಲಿಲ್ಲ.

"ಗೊತ್ತದ. ಅವತ್ತೇ ಸಂಜೀಗಿ ಬಾಬುಮಿಯಾ ಬಂದಿದ್ದ. ತಪ್ಪು ನಂದೇ ಅಂತ ಬರಕೊಳ್ರಿ, ಸಾಹೇಬ್ರ ನೌಕರಿ ಉಳೀಲಿ, ನಾ ಇನ್ನೊಂದ್ ಕಡಿ ಕೆಲಸ ನೋಡ್ಕೋತೀನಿ ಅಂದ. ಅಷ್ಟು ಅಂದಮ್ಯಾಲ ತಪ್ಪು ಯಾರದಂತ ತಿಳೀಲಾರದಷ್ಟು ದಡ್ಡ ಅಲ್ಲ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಾಡಿಗೆ ಹೋಗಿ ಬಾಬುಮಿಯಾನ ಮನೆ ಬಾಗಿಲಲ್ಲಿ ನಿಂತೆ. ಬಾಯಿಪಾಠ ಮಾಡಿಕೊಂಡು ಹೋದ ಕ್ಷಮೆಯ ಮಾತು ಶುರು ಮಾಡುವಷ್ಟರಲ್ಲಿ ಅವನೇ, "ಚಹಾ ಕುಡೀರಿ ಮೊದಲ. ನಾಳೆ ಬರ್ತೀನಿ. ಗಟಾರ ಕೀಳೋ ಮುಂದ ಒಂದ್ ತುದಿ ನೀವು ಹಿಡೀಬೇಕು ನೋಡ್ರಿ" ಎಂದ.

ಹಿಡಿದೆ. ಅಂಗೈ ಬೊಬ್ಬೆ ಬಂತು. ಎರಡು ತುಂಡು ಒಡೆದವು, ಹೊಸವು ಬಂದವು. ಈ ಸಲ ಬಾಣಗಳೆಲ್ಲ ಗುಂಡಿಯ ಕಡೆ. ಬಾಬುಮಿಯಾ ಕೈ ತೊಳೆದುಕೊಂಡು ಸರಿದು ನಿಂತ. ಶಾಂತಾಬಾಯಿ ಬಕೆಟ್ ಎತ್ತಿದಳು, ನನ್ನನ್ನು ನೋಡಿದಳು, ಮತ್ತೆ ಇಳಿಸಿದಳು.

"ಮೊದಲ ನೀವು ಇಲ್ಲಿ ನಿಂದ್ರಿ ಸಾಹೇಬ್ರ. ಆಮ್ಯಾಲ ನೀರು ಬಿಡ್ತೀನಿ."

ಚಪ್ಪಲಿ ಕಳಚಿ ನಿಂತೆ. ನೀರು ಸರ್ರನೆ ಗುಂಡಿಗೆ ಹೋಯಿತು. ಎಲ್ಲರೂ ನಕ್ಕು ತಮ್ಮ ತಮ್ಮ ಕೆಲಸಕ್ಕೆ ಹೊರಟರು. ಸಾಕು, ಬರ್ರಿ ಎಂದು ಯಾರಾದರೂ ಕರೆದಾರೆಂದು ನಾನು ಮಾತ್ರ ಬರಿಗಾಲಲ್ಲಿ ಬಹಳ ಹೊತ್ತು ಅಲ್ಲೇ ನಿಂತಿದ್ದೆ.