ಗೊಂಬೆ ಫ್ಯಾಕ್ಟರಿಯಲ್ಲಿ ನಮ್ಮತ್ತೆ

ನನ್ನ ಸೋದರತ್ತೆ ಏಕಕಾಲಕ್ಕೆ ಎರಡು ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುತ್ತಿದ್ದಳು ಎಂದರೆ ನೀವು ನಂಬಬೇಕು. ಒಂದು ಕೆ.ಆರ್. ಪುರದಲ್ಲಿತ್ತು. ಅಲ್ಲಿ ರೇಡಿಯೋ ಭಾಗಗಳಿಗೆ ತಾಮ್ರದ ತಂತಿ ಸುತ್ತುವ ಮಿಷಿನ್ ಅವಳದು. ಇನ್ನೊಂದು, ರಾಮಮೂರ್ತಿನಗರದ ನಮ್ಮ ಬಾಡಿಗೆ ಮನೆಯ ಟಿವಿಯೊಳಗಿತ್ತು!

ಆಗ ಕೇಬಲ್ ಬಂದ ಹೊಸತು. ಸಾಯಂಕಾಲ ಆರು ಗಂಟೆಗೆ ಒಂದು ಕಾರ್ಟೂನ್ ಬರುತ್ತಿತ್ತು. ಗೊಂಬೆ ತಯಾರಿಸುವ ಕಾರ್ಖಾನೆ, ಪೆದ್ದು ಕೆಲಸಗಾರರು, ಡೊಳ್ಳುಹೊಟ್ಟೆಯ ಮ್ಯಾನೇಜರ್. ನಾನು ಬಿದ್ದು ಬಿದ್ದು ನಗುತ್ತಿದ್ದರೆ ಅತ್ತೆ ಎದೆ ಹಿಡಿದುಕೊಂಡು ಕೂತಿರುತ್ತಿದ್ದಳು. ಒಮ್ಮೆ ಒಬ್ಬ ಕೆಲಸಗಾರ ಪ್ರೆಸ್ಸಿನಡಿ ಸಿಕ್ಕಿ ಚಪಾತಿಯಾದ, ಮರುಕ್ಷಣವೇ ಪುಟಿದೆದ್ದು ಕೆಲಸಕ್ಕೆ ನಿಂತ. ಅತ್ತೆ ಕಿರುಚಿದ ರಭಸಕ್ಕೆ ನನ್ನ ಕಾಫಿ ಚೆಲ್ಲಿತು.

“ಅಯ್ಯೋ ಪಾಪಿಗಳಾ! ಇ.ಎಸ್.ಐ. ಆಸ್ಪತ್ರೆಗೆ ಕಳಿಸ್ದೆ ಡ್ಯೂಟಿಗೆ ಹಾಕ್ಕೊಂಡ್ಬಿಟ್ರಲ್ಲ! ಯೂನಿಯನ್‌ನೋರು ಎಲ್ಲಿ ಸತ್ರು?”

“ಅತ್ತೆ, ಅದು ಬರೀ ಚಿತ್ರ!”

“ಚಿತ್ರ ಆದ್ರೆ ನೋವಾಗಲ್ವೇನೇ?”



ಪಕ್ಕದ ಮನೆಯ ಆಂಟಿ ಒಂದು ದಿನ, “ಫ್ಯಾಕ್ಟರೀಲಿ ಏನ್ ಸಮಾಚಾರ ರೀ?” ಎಂದರು. ಅತ್ತೆ ಬಟ್ಟೆ ಒಣಹಾಕುತ್ತಲೇ, “ಮ್ಯಾನೇಜರ್ ಬಾಯ್ಲರ್‌ಗೆ ಬಿದ್ದ ರೀ” ಎಂದಳು. ಆಂಟಿಯ ಕೈಯಿಂದ ಬಕೆಟ್ ಜಾರಿತು.

“ಅಯ್ಯಯ್ಯೋ! ಬದುಕಿದಾರಾ?”

“ನಾಳೆ ಆರು ಗಂಟೆಗೆ ಎದ್ದು ಬರ್ತಾನೆ ಬಿಡಿ.”

ಆಂಟಿ ಆಮೇಲೆ ಬಹಳ ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಪಾಪ, ಅವರು ಕೇಳಿದ್ದು ನಿಜವಾದ ಫ್ಯಾಕ್ಟರಿಯ ವಿಷಯ. ಅದನ್ನು ಮುಚ್ಚುತ್ತಾರೆಂಬ ಸುದ್ದಿ ಆ ವರ್ಷವೆಲ್ಲ ಓಡಾಡುತ್ತಿತ್ತು. ಅತ್ತೆ ಮದುವೆ, ಮಕ್ಕಳು ಅಂತ ಏನೂ ಮಾಡಿಕೊಳ್ಳದೆ ಆ ಮಿಷಿನ್ನಿನ ಮುಂದೆಯೇ ವಯಸ್ಸು ಕಳೆದವಳು. ಅದೂ ಹೋದರೆ ಇವಳ ಗತಿಯೇನು ಎಂದು ಅಪ್ಪನಿಗೆ ದಿಗಿಲು. ಅವಳನ್ನು ಕೇಳಿದರೆ, “ಅವೆಲ್ಲ ಕ್ಯಾಂಟೀನ್ ಮಾತು” ಎಂದು ಟಿವಿಯ ಕಡೆ ತಿರುಗಿಬಿಡುತ್ತಿದ್ದಳು.

ಆಯುಧಪೂಜೆ ಬಂತು. ಪ್ರತಿ ವರ್ಷದಂತೆ ಅತ್ತೆ ರೇಷ್ಮೆ ಸೀರೆಯುಟ್ಟು, ಹೂವು, ಕುಂಕುಮ, ಬೂದುಗುಂಬಳಕಾಯಿ ಹೊತ್ತು ತನ್ನ ಮಿಷಿನ್ನಿನ ಪೂಜೆಗೆ ಹೊರಟಳು. ಸಾಯಂಕಾಲ ಎಲ್ಲವನ್ನೂ ಹಾಗೆಯೇ ಹೊತ್ತು ವಾಪಸು ಬಂದಳು. ಚಪ್ಪಲಿಯನ್ನೂ ಸರಿಯಾಗಿ ಬಿಡದೆ, “ಕಾರ್ಟೂನ್ ಹಾಕೇ” ಎಂದಳು.

ಹಾಕಿದೆ. ಗೊಂಬೆ ಕಾರ್ಖಾನೆಯ ಮಿಷಿನ್‌ಗಳು ಕಾಣಿಸಿದ್ದೇ ತಡ, ಅತ್ತೆ ಕುಂಕುಮ ಅದ್ದಿ ಟಿವಿಯ ಗಾಜಿಗೆ ಬೊಟ್ಟಿಟ್ಟಳು! ಅಷ್ಟರಲ್ಲಿ ದೃಶ್ಯ ಬದಲಾಯಿತು, ಬೊಟ್ಟು ಮ್ಯಾನೇಜರನ ಮೂಗಿನ ಮೇಲೆ ಕೂತಿತು. ನನಗೆ ನಗು ತಡೆಯಲಾಗಲಿಲ್ಲ.

“ತಲೆ ಕೆಟ್ಟಿದೆಯಾ ಅತ್ತೆ? ಅವೆಲ್ಲ ಸುಳ್ಳು ಮಿಷಿನ್‌ಗಳು!”

“ಗೊತ್ತು ಕಣೇ” ಎಂದಳು. “ಗೇಟಿಗೆ ಬೀಗ ಹಾಕ್ಬಿಟ್ಟಿದಾರೆ. ನನ್ನ ಮಿಷಿನ್‌ಗೆ ಒಂದೇ ಒಂದು ಬೊಟ್ಟಿಟ್ಟು ಬಂದ್ಬಿಡ್ತೀನಿ ಅಂದ್ರೂ ಒಳಗೆ ಬಿಡ್ಲಿಲ್ಲ. ಇವಾದ್ರೂ ಓಡ್ತಾ ಇರ್ಲಿ.”

ನನ್ನ ನಗು ನಿಂತಿತು. ಓಡಿಹೋಗಿ ಅಡುಗೆಮನೆಯಿಂದ ಕರ್ಪೂರ ತಂದೆ. ಅಷ್ಟರಲ್ಲಿ ಜಾಹೀರಾತು ಶುರುವಾಗಿತ್ತು. ಅತ್ತೆಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಮಿಷಿನ್‌ಗಳು ಮತ್ತೆ ಬರಲೆಂದು ಇಬ್ಬರೂ ಕಾದೆವು.