ಮಸ್ಕತ್ತಿನ ಸಂಬಳಕ್ಕೆ ಊರಲ್ಲೊಂದು ಬ್ಯಾಂಕು

ದುಡಿಯುವವನು ಒಂದು ದೇಶದಲ್ಲಿ, ಉಣ್ಣುವವರು ಇನ್ನೊಂದು ದೇಶದಲ್ಲಿ ಎಂದಾದ ಮೇಲೆ ಮನುಷ್ಯ ಎಲ್ಲಿಯೂ ನೆಟ್ಟಗೆ ಕೂರಲಾರ. ಬ್ಯಾಂಕಿನಲ್ಲಂತೂ ಸಾಧ್ಯವೇ ಇಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಬಿಟ್ಟು ಮಸ್ಕತ್ತಿಗೆ ಹೋದಂದಿನಿಂದ ಬ್ಯಾಂಕಿನ ಮೆಟ್ಟಿಲು ಹತ್ತಿದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇದೆ.

ಚೀಲದ ಪಾಳಿ

ಮಸ್ಕತ್ತಿನ ಬ್ಯಾಂಕು ಆಸ್ಪತ್ರೆಗಿಂತ ಸ್ವಚ್ಛವಾಗಿತ್ತು. ಟೋಕನ್ ಕೊಟ್ಟು ಸೋಫಾ ತೋರಿಸಿದರು. ಇದ್ದ ಗಿರಾಕಿಗಳು ಮೂರ್ನಾಲ್ಕು ಜನ. ಆದರೆ ಮುಂದಿನವನ ಬೆನ್ನಿಗೆ ಹೊಟ್ಟೆ ತಾಗಿಸಿ ಪಾಳಿ ನಿಂತು ಬೆಳೆದವನು ನಾನು. ಸೋಫಾದ ಮೇಲೆ ಕುಳಿತರೆ ಯಾರೋ ನಡುವೆ ನುಗ್ಗಿದಂತೆಯೇ ಅನಿಸುತ್ತಿತ್ತು. ಎದ್ದೆ, ಕುಳಿತೆ, ಮತ್ತೆ ಎದ್ದೆ. ಕೊನೆಗೆ ನಮ್ಮೂರು ಖಾನಾಪುರದಲ್ಲಿ ಮಾಡುವಂತೆ ಕೈಚೀಲವನ್ನು ಕೌಂಟರಿನ ಮುಂದೆ ನೆಲದ ಮೇಲಿಟ್ಟು, ಪಾಳಿ ಹಿಡಿದ ಸಮಾಧಾನದಲ್ಲಿ ನೀರು ಕುಡಿಯಲು ಹೋದೆ.

ಹತ್ತಿರ ಯಾರೂ ಇಲ್ಲದ ಚೀಲವನ್ನು ಕಂಡು ಕಾವಲುಗಾರ ಅಪಾಯದ ಗಂಟೆ ಒತ್ತಿದ. ಮ್ಯಾನೇಜರ್ ಸಮೇತ ಎಲ್ಲರೂ ಬಿಸಿಲಿಗೆ ಬಂದು ನಿಂತೆವು. ಪಾಳಿಯಲ್ಲಿ ನನ್ನ ಚೀಲವೇ ಮೊದಲನೆಯದು. ಕೌಂಟರಿನಲ್ಲಿ ಮಾತ್ರ ಯಾರೂ ಇರಲಿಲ್ಲ.

ಅಲ್ಲಿದ್ದರೆ ಇಲ್ಲಿ

ಹಿಂದೆ ಊರಿನಲ್ಲಿ ನಾವು ನಂಬಿದ್ದ ಪತ್ತಿನ ಸಂಘವೊಂದು ಒಂದು ಸೋಮವಾರ ಶಟರ್ ಎತ್ತಲಿಲ್ಲ. ಇನ್ನೂ ಎತ್ತಿಲ್ಲ. ಮಗಳ ಕಾಲೇಜಿಗೆಂದು ಇಟ್ಟದ್ದೆಲ್ಲ ಅದರೊಳಗೇ ಉಳಿಯಿತು. ಆದ್ದರಿಂದ ಈ ಸಲದ ರಜೆಯಲ್ಲಿ ನನಗಿದ್ದದ್ದು ಒಂದೇ ಕೆಲಸ: ಸಂಬಳ ಕಳಿಸಲು ನೆಟ್ಟಗಿನ ಬ್ಯಾಂಕೊಂದನ್ನು ಹುಡುಕುವುದು. ಫೀ ಕಟ್ಟುವ ದಿನ ಹತ್ತಿರವಾಗುತ್ತಿತ್ತು. ವಿಮಾನದ ದಿನ ಇನ್ನೂ ಹತ್ತಿರವಿತ್ತು.

ಬೆಳಗಾವಿಯ ಒಂದು ಬ್ಯಾಂಕಿಗೆ ಹೋದೆ. ಅಲ್ಲಿಯ ಅಧಿಕಾರಿ ನಮ್ಮ ಓಣಿಯವರೇ, ಖಾನಾಪುರದಿಂದ ದಿನಾ ರೈಲಿನಲ್ಲಿ ಹೋಗಿಬರುವವರು. ಖುದ್ದಾಗಿ ಬರಬೇಕೆಂದು ನನಗೆ ಮಸ್ಕತ್ತಿಗೆ ಫೋನಿನಲ್ಲಿ ಹೇಳಿದ್ದವರೂ ಅವರೇ. ಈಗ ಕಾಗದಗಳನ್ನು ತಿರುವಿ, ಇವಕ್ಕೆ ಮಸ್ಕತ್ತಿನ ರಾಯಭಾರ ಕಚೇರಿಯ ಶಿಕ್ಕಾ-ಮೊಹರು ಬೇಕೆಂದರು. ಖುದ್ದಾಗಿ ಬನ್ನಿ ಎಂದದ್ದನ್ನು ನೆನಪಿಸಿದೆ.

"ಅದು ನೀವು ಅಲ್ಲಿದ್ದಾಗಿನ ಮಾತ್ರಿ. ಈಗ ಇಲ್ಲಿ ಬಂದೀರಲ್ಲ."

"ಅಲ್ಲಿಗೆ ಹೋಗಿ ಶಿಕ್ಕಾ ಹಾಕಿಸಿದ ಮ್ಯಾಲೆ?"

"ಖುದ್ದ ಬರಬೇಕಾಗ್ತೈತ್ರಿ."

ಅವರ ಮಾತಿನಲ್ಲಿ ತಪ್ಪು ಹುಡುಕುತ್ತ, ಮರಳುವ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಾಯಿಸಿದೆ. ತಪ್ಪು ಸಿಗಲಿಲ್ಲ.

ಹೆಂಡತಿಯ ತನಿಖೆ

ಉಳಿದದ್ದು ಖಾನಾಪುರದ ಸಹಕಾರಿ ಬ್ಯಾಂಕು. ಗೋಡೆಯ ಮೇಲಿನ ಬಡ್ಡಿಯ ಬೋರ್ಡನ್ನು ಓದಿದೆ, ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯುತ್ತಾರೋ ಎಂದು ಎದುರಿನ ಚಹಾದಂಗಡಿಯಿಂದ ಕಾದೆ, ಒಳಗೆ ಹೋಗದೆ ಮನೆಗೆ ಬಂದೆ. ಹೆಂಡತಿ ಕಾಯಿಪಲ್ಲೆ ತರುವ ಪಿಶವಿ ಎತ್ತಿಕೊಂಡಳು.

"ಬೋರ್ಡ್ ಓದಿದ್ರ ಏನ ತಿಳೀತೈತ್ರಿ? ಆ ಬ್ಯಾಂಕಿನ ಮ್ಯಾನೇಜರನ ಹೇಂತಿ ತನ್ನ ರೊಕ್ಕ ಎಲ್ಲಿ ಇಟ್ಟಾಳ ಅನ್ನೂದನ್ನ ನೋಡಬೇಕು."

ಕಾಯಿಪಲ್ಲೆ ಕೊಳ್ಳುತ್ತಲೇ ತನಿಖೆ ಮುಗಿಸಿ ಬಂದಳು. ಮ್ಯಾನೇಜರರ ಹೆಂಡತಿಯ ದುಡ್ಡು ಇರುವುದು ಬೆಳಗಾವಿಯ ಬ್ಯಾಂಕಿನಲ್ಲಿ, ನಮ್ಮ ಓಣಿಯ ಅಧಿಕಾರಿಯ ಕೈಕೆಳಗೆ. ನಾನು ಆಗಲೇ ಬೆಳಗಾವಿಗೆಂದು ಚಪ್ಪಲಿ ಮೆಟ್ಟಿದ್ದೆ. ಅವಳು ತಡೆದಳು. ಆ ಅಧಿಕಾರಿಯ ಹೆಂಡತಿಯನ್ನೂ ಕೇಳಿದ್ದಳು. ಆಕೆಯ ದುಡ್ಡು ಖಾನಾಪುರದ ಬ್ಯಾಂಕಿನಲ್ಲಿತ್ತು.

ಹಾಗಾದರೆ ಎರಡೂ ಬ್ಯಾಂಕು ನಂಬಿಕೆಗೆ ಲಾಯಕ್ಕಿಲ್ಲ ಎಂದು ನಾನು ತಲೆ ಹಿಡಿದು ಕುಳಿತೆ.

"ಬ್ಯಾಂಕ್ ಎರಡೂ ಚಲೋ ಅದಾವು," ಎಂದಳು. "ಗಂಡನ ಕಣ್ಣಿಗೆ ಬೀಳಬಾರದು ಅಂತ ಹಂಗ ಇಟ್ಟಾರ."

ಮರುದಿನವೇ ಖಾನಾಪುರದಲ್ಲಿ ಖಾತೆ ತೆರೆದಳು, ತನ್ನೊಬ್ಬಳ ಹೆಸರಿನಲ್ಲಿ. ನಾನು ವಿಮಾನ ಹತ್ತಿದೆ.

ಸಂಬಳ ಕಳಿಸಿದ ಮೇಲೂ ಜೀವ ತಡೆಯಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ಕೊನೆಗೆ ಖಾನಾಪುರದ ಮ್ಯಾನೇಜರರಿಗೇ ಫೋನ್ ಮಾಡಿದೆ. ದುಡ್ಡು ಮುಟ್ಟಿದೆ, ಮಗಳ ಫೀ ಕೂಡ ಹೋಗಿದೆ ಎಂದರು. ಉಸಿರು ಬಿಟ್ಟು, ಖಾತೆಯಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೇಳಿದೆ.

"ಅದನ್ನ ನಿಮಗ ಹೇಳಬ್ಯಾಡ್ರಿ ಅಂತ ನಿಮ್ಮ ಮನಿ ಅಕ್ಕಾರು ಹೇಳ್ಯಾರ," ಎಂದರು. ಆಮೇಲೆ ದನಿ ತಗ್ಗಿಸಿದರು.

"ಸಾಹೇಬ್ರ, ಆ ಬೆಳಗಾವಿ ಬ್ಯಾಂಕಿನ ಅಧಿಕಾರಿ ನಿಮ್ಮ ಓಣಿಯವರಲ್ರೀ? ನಮ್ಮ ಮನಿಯಾಕಿದು ಅಲ್ಲಿ ಎಷ್ಟೈತಿ, ಒಂದ ಮಾತ ಕೇಳಿ ಹೇಳ್ತೀರೇನು?"